ನಲ್ಲಿ ನೀರಿನ ತವರು

ಎನ್.ಆರ್. ಕಾಲೋನಿಯಲ್ಲಿ ನಲ್ಲಿ ನೀರು ಬರುವ ಹೊತ್ತು ಹೆಂಗಸರಿಗೆ ಬಾಯಿಪಾಠ. ನೀರಿನ ದಿನ ಬೇಗ ಏಳಬೇಕು. ಸಂಪು ಇರುವವರ ಮನೆಯಲ್ಲಿ ಸಂಪು ತುಂಬುತ್ತದೆ. ಸಂಪು ಇಲ್ಲದವರ ಮನೆಯಲ್ಲಿ ಡ್ರಮ್ಮು, ಬಿಂದಿಗೆ, ಬಕೆಟ್ಟು, ಕೊನೆಗೆ ಕುಕ್ಕರೂ ತುಂಬುತ್ತದೆ.

"ಕಾವೇರಿ ಬಂತೇನ್ರೀ?" ಅಂತ ಪಕ್ಕದ ಮನೆಯವರನ್ನು ಕೇಳುತ್ತೇವೆ. ಬೋರ್‌ವೆಲ್ ನೀರನ್ನು ಬರೀ ಬೋರು ಅನ್ನುತ್ತೇವೆ. ನಲ್ಲಿ ನೀರನ್ನು ಮಾತ್ರ ಹೆಸರು ಹಿಡಿದು ಕರೆಯುತ್ತೇವೆ. ಮನೆಗೆ ಬರುವ ಹೆಣ್ಣುಮಗಳನ್ನು ಕರೆದ ಹಾಗೆ.

ಹೆಣ್ಣುಮಗಳು ಅಂದ ಮೇಲೆ ಅವಳಿಗೆ ಒಂದು ತವರು ಇರಬೇಕಲ್ಲ? ಇದೆ. ಕಾವೇರಿಯ ತವರು ಕೊಡಗು. ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 250 ಕಿಲೋಮೀಟರ್. ಆ ತವರು ಹೇಗಿದೆ, ಅಲ್ಲಿ ಯಾರಿದ್ದಾರೆ, ಅವರು ಏನು ಮಾಡುತ್ತಾರೆ ಎಂಬುದೇ ಇವತ್ತಿನ ಪಾಠ.

ಬೆಟ್ಟದ ಸಾಲು

ಒಂದು ಭಾರತದ ನಕ್ಷೆ ತೆಗೆದುಕೊಳ್ಳಿ. ಮಕ್ಕಳ ಶಾಲೆ ಪುಸ್ತಕದಲ್ಲಿ ಇರುತ್ತದೆ. ಎಡಗಡೆ ನೀಲಿ ಬಣ್ಣ ಇದೆಯಲ್ಲ, ಅದು ಅರಬ್ಬೀ ಸಮುದ್ರ. ಆ ಸಮುದ್ರದ ದಡದ ಪಕ್ಕದಲ್ಲೇ ಮೇಲಿಂದ ಕೆಳಗೆ ಒಂದು ಬೆಟ್ಟದ ಸಾಲು ಇದೆ. ಅದರ ಮೇಲೆ ಬೆರಳಿಡಿ. ಗುಜರಾತಿನ ಹತ್ತಿರ ಶುರುವಾಗಿ, ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ, ತಮಿಳುನಾಡಿನವರೆಗೆ ಬೆರಳು ಇಳಿಯುತ್ತದೆ. ಉದ್ದ ಸುಮಾರು 1,600 ಕಿಲೋಮೀಟರ್. ಇದಕ್ಕೆ ಪಶ್ಚಿಮ ಘಟ್ಟ ಅಂತ ಹೆಸರು. ಸಹ್ಯಾದ್ರಿ ಅಂತಲೂ ಕರೆಯುತ್ತಾರೆ. ಇಂಥ ಕಾಡು, ಇಂಥ ಗಿಡ, ಪ್ರಾಣಿ ಬೇರೆ ಕಡೆ ಸಿಗುವುದಿಲ್ಲ ಎಂದು 2012ರಲ್ಲಿ ಯುನೆಸ್ಕೋ ಸಂಸ್ಥೆ ಈ ಘಟ್ಟದ 39 ಜಾಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ತಲಕಾವೇರಿಯ ಕಾಡೂ ಆ ಪಟ್ಟಿಯಲ್ಲಿದೆ.

ಕರ್ನಾಟಕದಲ್ಲಿ ಈ ಸಾಲಿನ ಕೆಳತುದಿಯಲ್ಲಿ, ಕೇರಳದ ಗಡಿಗೆ ಅಂಟಿಕೊಂಡು ಇರುವುದೇ ಕೊಡಗು. ಸಣ್ಣ ಜಿಲ್ಲೆ. ಅಲ್ಲಿಯ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್. ಎತ್ತರ 1,748 ಮೀಟರ್. ಜಿಲ್ಲೆಯ ಮುಖ್ಯ ಊರು ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ.

ಈ ಎತ್ತರವನ್ನು ಎಲ್ಲಿಂದ ಅಳೆಯುತ್ತಾರೆ? ಸಮುದ್ರದ ಮಟ್ಟದಿಂದ. ಹಾಗೆ ಅಳೆದರೆ ನಮ್ಮ ಬಸವನಗುಡಿ, ಎನ್.ಆರ್. ಕಾಲೋನಿ ಏನು ತಗ್ಗಿನಲ್ಲಿಲ್ಲ. ನಾವೂ ಸುಮಾರು 900 ಮೀಟರ್ ಮೇಲೆ ಕೂತಿದ್ದೇವೆ. ಇದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಮಳೆ ಅಲ್ಲೇ ಯಾಕೆ ಸುರಿಯುತ್ತೆ?

ಅನ್ನ ಬೇಯುವಾಗ ಪಾತ್ರೆ ಮೇಲೆ ತಟ್ಟೆ ಮುಚ್ಚುತ್ತೀರಿ. ಸ್ವಲ್ಪ ಹೊತ್ತು ಬಿಟ್ಟು ತಟ್ಟೆ ಎತ್ತಿದರೆ ಒಳಗಡೆ ಹನಿ ಹನಿ ನೀರು. ಆವಿ ಮೇಲೆ ಹೋಯಿತು, ತಣ್ಣಗಾಯಿತು, ನೀರಾಯಿತು. ಮಳೆಯೂ ಇಷ್ಟೇ.

ಜೂನ್ ತಿಂಗಳಲ್ಲಿ ಸಮುದ್ರದ ಕಡೆಯಿಂದ ಗಾಳಿ ಬೀಸುತ್ತದೆ. ಆ ಗಾಳಿಯ ತುಂಬಾ ಸಮುದ್ರದ ಆವಿ. ದಾರಿಗೆ ಘಟ್ಟ ಅಡ್ಡ ಬರುತ್ತದೆ. ಗಾಳಿ ಬೆಟ್ಟ ಹತ್ತಲೇಬೇಕು. ಮೇಲೆ ಹತ್ತಿದ ಹಾಗೆ ಥಂಡಿ. ಆವಿ ನೀರಾಗಿ ಸುರಿಯುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಬೆಂಗಳೂರಿನಲ್ಲಿ ವರ್ಷವೆಲ್ಲಾ ಬಿದ್ದರೂ 1,000 ಮಿಲಿಮೀಟರ್ ಆಸುಪಾಸು. ಭಾಗಮಂಡಲದ ಕಡೆ ಮಡಿಕೇರಿಗಿಂತಲೂ ಜಾಸ್ತಿ.

ಬೆಟ್ಟ ದಾಟುವಷ್ಟರಲ್ಲಿ ಗಾಳಿಯ ಚೀಲ ಖಾಲಿ. ಅದಕ್ಕೇ ಮಡಿಕೇರಿಯಿಂದ ಸುಮಾರು 30 ಕಿಲೋಮೀಟರ್ ಈಚೆ ಇರುವ ಕುಶಾಲನಗರದಲ್ಲಿ ಮಳೆ ಅರ್ಧಕ್ಕೂ ಕಡಿಮೆ. ಒಂದೇ ಜಿಲ್ಲೆ. ಅಲ್ಲಿ ಕೊಡೆ ಬಿಡುವ ಹಾಗಿಲ್ಲ, ಇಲ್ಲಿ ಬಿಸಿಲು.

ಹೆಂಚಿನ ಮನೆ ನೋಡಿದ್ದೀರಲ್ಲ? ಮೇಲೆ ನೆತ್ತಿ. ಎರಡು ಕಡೆ ಇಳಿಜಾರು. ನೆತ್ತಿಯ ಈಚೆ ಬಿದ್ದ ಹನಿ ಅಂಗಳಕ್ಕೆ, ಆಚೆ ಬಿದ್ದ ಹನಿ ಹಿತ್ತಲಿಗೆ. ಕೊಡಗಿನ ಬೆಟ್ಟಗಳೂ ಹಾಗೇ. ಪಶ್ಚಿಮದ ಇಳಿಜಾರಿನಲ್ಲಿ ಬಿದ್ದ ನೀರು ಪಯಸ್ವಿನಿ ಹೊಳೆಯಾಗಿ ಸುಳ್ಯದ ಮೇಲೆ ಹರಿದು, ಕಾಸರಗೋಡಿನ ಹತ್ತಿರ ಚಂದ್ರಗಿರಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ಹತ್ತಿರದ ದಾರಿ. ಪೂರ್ವದ ಇಳಿಜಾರಿನಲ್ಲಿ ಬಿದ್ದ ನೀರು ಕಾವೇರಿ. ಅವಳಿಗೆ ದೂರದ ದಾರಿ. ಕರ್ನಾಟಕ, ತಮಿಳುನಾಡು ದಾಟಿ ಸುಮಾರು 800 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರುತ್ತಾಳೆ. ನೆತ್ತಿಯಿಂದ ಒಂದು ಮಾರು ಆಚೆ ಈಚೆ ಆದರೂ ಹನಿಯ ಹಣೆಬರಹವೇ ಬೇರೆ.

ತಲಕಾವೇರಿ ಇರುವುದು ಬ್ರಹ್ಮಗಿರಿ ಬೆಟ್ಟದ ಮೇಲೆ. ಅಲ್ಲಿ ಒಂದು ಸಣ್ಣ ಕುಂಡಿಕೆ. ಅಕ್ಟೋಬರ್ ನಡುವೆ ತುಲಾ ಸಂಕ್ರಮಣದ ದಿನ ತೀರ್ಥೋದ್ಭವ ನೋಡಲು ಸಾವಿರಾರು ಜನ ಸೇರುತ್ತಾರೆ. ಬೆಟ್ಟದ ಕೆಳಗೆ ಭಾಗಮಂಡಲ. ಅಲ್ಲಿ ಕನ್ನಿಕೆ ಹೊಳೆ ಕಾವೇರಿಗೆ ಸೇರುತ್ತದೆ. ಸುಜ್ಯೋತಿ ಎಂಬ ಮೂರನೆಯ ಹೊಳೆ ನೆಲದ ಒಳಗೇ ಬಂದು ಸೇರುತ್ತದೆ ಎಂದು ನಂಬಿಕೆ. ದಕ್ಷಿಣ ಕೊಡಗಿನಲ್ಲಿ ಇನ್ನೊಂದು ಬ್ರಹ್ಮಗಿರಿ ಇದೆ. ಅಲ್ಲಿ ಇರ್ಪು ಜಲಪಾತ. ಲಕ್ಷ್ಮಣತೀರ್ಥ ಹೊಳೆ ಆ ಕಡೆಯಿಂದ ಬರುತ್ತದೆ. ಹೆಸರು ಒಂದೇ, ಬೆಟ್ಟ ಎರಡು. ಹೋಗುವವರು ಬಸ್ಸಿನಲ್ಲಿ ಕೇಳಿಕೊಂಡು ಹತ್ತಿ.

ಮಳೆ ನಿಂತ ಮೇಲೂ ಹೊಳೆ ಹರಿಯೋದು ಹೇಗೆ?

ಇದು ಮುಖ್ಯವಾದ ಪ್ರಶ್ನೆ. ಜೋರು ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನಮಗೆ ನೀರು ವರ್ಷ ಪೂರ್ತಿ ಬೇಕು.

ಸಿಮೆಂಟ್ ನೆಲದ ಮೇಲೆ ಒಂದು ಕೊಡ ನೀರು ಸುರಿಯಿರಿ. ಗಳಿಗೆಯಲ್ಲಿ ಹರಿದು ಮೋರಿ ಸೇರುತ್ತದೆ. ಅದೇ ನೀರನ್ನು ಗೋಣಿಚೀಲದ ಮೇಲೆ ಸುರಿಯಿರಿ. ಚೀಲ ಕುಡಿಯುತ್ತದೆ. ಆಮೇಲೆ ತುಂಬಾ ಹೊತ್ತು ತೊಟ್ಟಿಕ್ಕುತ್ತಾ ಇರುತ್ತದೆ. ಕಾಡಿರುವ ಬೆಟ್ಟ ಗೋಣಿಚೀಲದ ಹಾಗೆ. ಎತ್ತರದಲ್ಲಿ ಹುಲ್ಲುಗಾವಲು. ಕಣಿವೆಯ ಸಂದಿಯಲ್ಲಿ ಒತ್ತಾದ ಮರಗಳ ಶೋಲಾ ಕಾಡು. ಉದುರಿದ ಎಲೆ ಕೊಳೆತು ನೆಲ ಮೆತ್ತಗಾಗಿರುತ್ತದೆ. ಬೇರುಗಳ ಸಂದಿಯಲ್ಲಿ ನೀರು ಇಳಿಯುತ್ತದೆ. ಮಳೆ ನಿಂತು ತಿಂಗಳುಗಳಾದರೂ ಅದು ಸಣ್ಣ ಸಣ್ಣ ತೊರೆಗಳಾಗಿ ಜಿನುಗುತ್ತದೆ.

ಮರ ಕಡಿದು, ಇಳಿಜಾರು ಬೋಳಿಸಿದರೆ? ಗೋಣಿಚೀಲ ಹೋಗಿ ಸಿಮೆಂಟ್ ನೆಲ ಬಂದ ಹಾಗೆ. ಮಳೆಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಬರೀ ಕಲ್ಲು.

ಕೊಡಗಿನ ಹಿರಿಯರು ಕಾಡಿನ ಒಂದಿಷ್ಟು ಭಾಗವನ್ನು ದೇವರ ಹೆಸರಿನಲ್ಲಿ ಬಿಟ್ಟರು. ಅದಕ್ಕೆ ದೇವರಕಾಡು ಅಂತಾರೆ. ಅಲ್ಲಿ ಮರ ಕಡಿಯಬಾರದು. ಇಂಥ ಸಾವಿರಕ್ಕೂ ಹೆಚ್ಚು ದೇವರಕಾಡು ಕೊಡಗಿನಲ್ಲಿವೆ. ಕೆಲವು ಕಡೆ ಒತ್ತುವರಿಯೂ ಆಗಿದೆ. ದೇವರ ಭಯ ಎಲ್ಲರಿಗೂ ಒಂದೇ ಸಮ ಇರೋದಿಲ್ಲ ನೋಡಿ.

ಬೆಟ್ಟದ ಜನ

ಕೊಡಗು ಅಂದ ಕೂಡಲೇ ನಮಗೆ ನೆನಪಾಗುವುದು ಹಿಂದಕ್ಕೆ ನೆರಿಗೆ ಇಟ್ಟು ಸೀರೆ ಉಡುವ ಕೊಡವ ಹೆಂಗಸರು. ಅದಕ್ಕೊಂದು ಕಥೆ ಇದೆ. ಕಾವೇರಿ ನದಿಯಾಗಿ ಹೊರಟಾಗ ನೀರಿನ ರಭಸಕ್ಕೆ ಹೆಂಗಸರ ನೆರಿಗೆ ಹಿಂದಕ್ಕೆ ಸರಿಯಿತಂತೆ. ಅಂದಿನಿಂದ ಹಾಗೇ ಉಡುತ್ತಾರಂತೆ. ಕಥೆ ಚೆನ್ನಾಗಿದೆ. ಬೆಟ್ಟ ಹತ್ತಿ ಇಳಿಯಲು, ಗದ್ದೆಯ ಕೆಸರಿನಲ್ಲಿ ಕೆಲಸ ಮಾಡಲು ಮುಂದೆ ನೆರಿಗೆ ಇಲ್ಲದಿದ್ದರೆ ಸಲೀಸು ಅಂತಲೂ ಅನ್ನಿಸುತ್ತದೆ.

ಕೊಡವರ ಮಾತು ಕೊಡವ ತಕ್ಕ್. ಮನೆತನಕ್ಕೆ ಒಕ್ಕ ಎನ್ನುತ್ತಾರೆ. ಒಕ್ಕದ ದೊಡ್ಡ ಮನೆ ಐನ್‌ಮನೆ. ಕಣಿವೆಯ ತಗ್ಗಿನಲ್ಲಿ ಭತ್ತದ ಗದ್ದೆ. ಮೊದಲ ತೆನೆ ಮನೆಗೆ ತರುವ ಹಬ್ಬ ಪುತ್ತರಿ. ಅಕ್ಕಿತರಿಯ ಉಂಡೆಯನ್ನು ಹಬೆಯಲ್ಲಿ ಬೇಯಿಸಿದರೆ ಕಡಂಬುಟ್ಟು.

ಆದರೆ ಕೊಡಗಿನಲ್ಲಿ ಇರುವವರು ಕೊಡವರು ಮಾತ್ರ ಅಲ್ಲ. ಅರೆಭಾಷೆ ಆಡುವ ಗೌಡರಿದ್ದಾರೆ. ಮಲಯಾಳ, ತುಳು, ಕನ್ನಡ, ತಮಿಳು ಆಡುವವರಿದ್ದಾರೆ. ಎಲ್ಲರಿಗಿಂತ ಮೊದಲಿನಿಂದ ಕಾಡಿನಲ್ಲಿದ್ದವರು ಯರವರು, ಜೇನುಕುರುಬರು, ಬೆಟ್ಟಕುರುಬರು.

ಈ ನಾಡನ್ನು ಹಾಲೇರಿ ರಾಜರು ಆಳುತ್ತಿದ್ದರು. 1834ರಲ್ಲಿ ಇಂಗ್ಲಿಷರು ಕಿತ್ತುಕೊಂಡರು. ಸ್ವಾತಂತ್ರ್ಯ ಬಂದ ಮೇಲೂ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. 1956ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಸೇರಿತು. 2011ರ ಜನಗಣತಿಯ ಪ್ರಕಾರ ಅಲ್ಲಿಯ ಜನಸಂಖ್ಯೆ 5,54,519. ಸಾವಿರ ಗಂಡಸರಿಗೆ 1,019 ಹೆಂಗಸರು.

ಕೊಡಗಿನ ಗೌರಮ್ಮ ಎಂಬ ಲೇಖಕಿಯ ಹೆಸರು ಕೇಳಿದ್ದೀರಾ? 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಹೆಂಗಸರ ಕಷ್ಟಗಳ ಬಗ್ಗೆ ಕನ್ನಡದಲ್ಲಿ ಕಥೆ ಬರೆದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೆ ಬರಲೇಬೇಕು ಎಂದು ಉಪವಾಸ ಕೂತರು. ಗಾಂಧೀಜಿ ಬಂದರು. ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟುಬಿಟ್ಟರು. 1939ರಲ್ಲಿ ಈಜಲು ಹೋಗಿ ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಆಗ ಅವರಿಗೆ 27 ವರ್ಷ. "ಕಂಬನಿ" ಎಂಬ ಕಥಾಸಂಗ್ರಹ ಅವರು ಹೋದ ಮೇಲೆ ಅಚ್ಚಾಯಿತು. ಓದುವ ರೂಢಿ ಇನ್ನಷ್ಟು ಆದ ಮೇಲೆ ಲೈಬ್ರರಿಯಲ್ಲಿ ಕೇಳಿ ಓದಿ.

ಲೋಟದ ಕಾಫಿ

ನೀರು ಒಂದೇ ಅಲ್ಲ. ನಮ್ಮ ಬಸವನಗುಡಿ, ಗಾಂಧಿಬಜಾರ್ ಕಡೆ ಬೆಳಗಾದರೆ ಹುರಿದ ಕಾಫಿಯ ವಾಸನೆ. ಆ ಬೀಜವೂ ಇದೇ ಘಟ್ಟದಿಂದ ಬರುತ್ತದೆ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳಲ್ಲಿ ಬೆಳೆಯುತ್ತಾರೆ. ಅಂದರೆ ನಮ್ಮ ಲೋಟದಲ್ಲಿ ನೀರೂ ಬೆಟ್ಟದ್ದು, ಪುಡಿಯೂ ಬೆಟ್ಟದ್ದು. ಹಾಲು, ಸಕ್ಕರೆ ಮಾತ್ರ ಬೇರೆ ಕಡೆಯದು.

ಕಾಫಿ ಗಿಡಕ್ಕೆ ನೆರಳು ಬೇಕು. ದೊಡ್ಡ ಮರಗಳ ಕೆಳಗೆ ಬೆಳೆಯುತ್ತದೆ. ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುತ್ತಾರೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಒಂದು ಮಳೆ ಬೀಳಬೇಕು. ಅದಕ್ಕೆ ಹೂಮಳೆ ಅನ್ನುತ್ತಾರೆ. ಅದು ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲಾ ಬೆಳ್ಳಗೆ, ಮಲ್ಲಿಗೆಯ ಹಾಗೆ ಘಮ. ಹೂಮಳೆ ತಪ್ಪಿದರೆ ಬೆಳೆ ತಪ್ಪಿತು. ಅನುಕೂಲ ಇರುವವರು ಕೆರೆ, ಹೊಳೆಯಿಂದ ಪಂಪು ಹಾಕಿ ನೀರು ಚಿಮ್ಮಿಸುತ್ತಾರೆ.

ಹಣ್ಣು ಕೀಳುವ ಕಾಲ ನವೆಂಬರಿನಿಂದ ಮಾರ್ಚ್‌ವರೆಗೆ. ಕೀಳುವವರಲ್ಲಿ ಹೆಂಗಸರೇ ಜಾಸ್ತಿ. ಸೊಂಟಕ್ಕೆ ಚೀಲ ಕಟ್ಟಿ, ಇಳಿಜಾರಿನಲ್ಲಿ ನಿಂತು, ಕೊಂಬೆ ಬಗ್ಗಿಸಿ ಕೀಳಬೇಕು. ಸಂಜೆ ತೂಕ. ಬಹಳ ತೋಟಗಳಲ್ಲಿ ಕೊಯ್ಲಿನ ಕಾಲದ ಕೂಲಿ ಕಿಲೋ ಲೆಕ್ಕ. ತೂಕ ಬರೆದುಕೊಳ್ಳುವವರು ಏನು ಬರೆದರೋ ಅದೇ ಲೆಕ್ಕ. ಓದಲು ಬಂದರೆ ಚೀಟಿಯನ್ನು ತಾನೇ ನೋಡಬಹುದು. ಇದು ಎಲ್ಲಾ ಕೂಲಿಗೂ ಉಂಟು, ನಮಗೂ ಉಂಟು.

ಕೂಲಿಯವರು ಇರುವುದು ತೋಟದ ಒಳಗಿನ ಲೈನ್ ಮನೆಗಳಲ್ಲಿ. ಸಾಲಾಗಿ ಕಟ್ಟಿದ ಒಂದು ಕೋಣೆ, ಎರಡು ಕೋಣೆಯ ಮನೆಗಳು. ಮನೆ ತೋಟದವರದು. ಕೆಲಸ ಬಿಟ್ಟರೆ ಮನೆಯೂ ಬಿಡಬೇಕು. ಯರವರಲ್ಲಿ ಬಹಳ ಕುಟುಂಬಗಳಿಗೆ ತಲೆತಲಾಂತರದಿಂದ ಸ್ವಂತ ಜಾಗವೇ ಇಲ್ಲ. ವಿರಾಜಪೇಟೆ ತಾಲೂಕಿನ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳು ಗುಡಿಸಲು ಹಾಕಿಕೊಂಡಿದ್ದವು. ಅದು ಕಾಡಿನ ಜಾಗ ಎಂದು 2016ರ ಡಿಸೆಂಬರಿನಲ್ಲಿ ಗುಡಿಸಲುಗಳನ್ನು ಕೆಡವಿದರು. ಜನ ಅಲ್ಲೇ ಕೂತು ಹೋರಾಡಿದರು. ಹೆಂಗಸರು ಮುಂದೆ ನಿಂತರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟ ಎಂಬಲ್ಲಿ ಸರ್ಕಾರ ಮನೆ ಕಟ್ಟಿಸಿಕೊಟ್ಟಿತು.

ಆನೆಯ ಭಯವೂ ಇದೆ. ಕಾಡು ಚೂರು ಚೂರಾಗಿದೆ. ಆನೆಗಳು ಹಲಸಿನ ಹಣ್ಣು ಹುಡುಕಿಕೊಂಡು ತೋಟಕ್ಕೆ ಬರುತ್ತವೆ. ಬೆಳಗ್ಗೆ ಮಂಜಿನಲ್ಲಿ ಕೆಲಸಕ್ಕೆ ಹೊರಟವರಿಗೆ ಎದುರಿಗೇ ಸಿಗುತ್ತವೆ. ಹಾಗೆ ಸತ್ತ ಕೂಲಿಯವರಿದ್ದಾರೆ.

ಬೆಟ್ಟ ಕುಸಿದದ್ದು

2018ರ ಆಗಸ್ಟ್. ಮಡಿಕೇರಿಯ ಸುತ್ತ ಕೆಲವೇ ದಿನಗಳಲ್ಲಿ ಅಳತೆ ಮೀರಿ ಮಳೆ ಬಿತ್ತು. ಮಕ್ಕಂದೂರು, ಜೋಡುಪಾಲ ಮುಂತಾದ ಕಡೆ ಗುಡ್ಡಗಳು ಜಾರಿದವು. ಮನೆ, ತೋಟ, ಗದ್ದೆ, ರಸ್ತೆ ಮಣ್ಣಿನಡಿ ಹೋದವು. ಜೀವಗಳೂ ಹೋದವು. ಸಾವಿರಾರು ಜನ ಶಿಬಿರ ಸೇರಿದರು. ಬೆಂಗಳೂರಿನಿಂದ ಅಕ್ಕಿ, ಬಟ್ಟೆ, ಕಂಬಳಿ ಕಳಿಸಿದ್ದು ನಿಮಗೆ ನೆನಪಿರಬಹುದು.

2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲೇ ಬೆಟ್ಟ ಕುಸಿಯಿತು. ಅರ್ಚಕರ ಮನೆ ಮಣ್ಣು ಪಾಲಾಯಿತು. ಮನೆಯಲ್ಲಿದ್ದವರು ತೀರಿಕೊಂಡರು.

ಮಳೆ ಹಿಂದೆಯೂ ಬೀಳುತ್ತಿತ್ತಲ್ಲ, ಈಗ ಯಾಕೆ ಹೀಗೆ? ಒಂದೇ ಸಮ ಬೀಳಬೇಕಾದ ಮಳೆ ಒಂದೆರಡು ದಿನದಲ್ಲೇ ಸುರಿಯುವುದು ಒಂದು ಕಾರಣ. ಇನ್ನೊಂದನ್ನು ಮನುಷ್ಯ ಮಾಡಿದ್ದು. ರಸ್ತೆಗೆ, ಮನೆಗೆ, ಪ್ರವಾಸಿಗಳ ವಸತಿಗೆ ಬೆಟ್ಟದ ಬುಡವನ್ನು ಜೆಸಿಬಿಯಿಂದ ಕಡಿದರು. ಅಕ್ಕಿ ಮೂಟೆಗಳನ್ನು ಒಂದರ ಮೇಲೊಂದು ಪೇರಿಸಿ, ಕೆಳಗಿನ ಮೂಟೆ ಎಳೆದರೆ ಏನಾಗುತ್ತೆ? ಭೂಮಿಯ ತಜ್ಞರು ಬಂದು ನೋಡಿದಾಗ ಇದನ್ನೂ ಹೇಳಿದರು. ರಜೆ ಬಂದರೆ ಬೆಂಗಳೂರಿನ ಕಾರುಗಳೆಲ್ಲಾ ಆ ಕಡೆಗೇ. ವಸತಿ ಕಟ್ಟಿದ್ದು ಅವರಿಗಾಗಿಯೇ ಎಂಬುದನ್ನೂ ಹೇಳಬೇಕು.

ಕೆಳಗಿಳಿದ ನೀರು ಮೇಲೆ ಹತ್ತೋದು

ಕೊಡಗು ಬಿಟ್ಟ ಕಾವೇರಿ ಕನ್ನಂಬಾಡಿ ಕಟ್ಟೆಗೆ ಬರುತ್ತಾಳೆ. ಅದೇ ಕೆ.ಆರ್.ಎಸ್. ಅಣೆಕಟ್ಟು. ಕೆಲಸ 1911ರಲ್ಲಿ ಶುರುವಾಯಿತು, ಮುಗಿಯಲು ಇಪ್ಪತ್ತು ವರ್ಷ ಹಿಡಿಯಿತು. ಅಲ್ಲಿಗೆ ಹೇಮಾವತಿಯೂ ಬಂದು ಸೇರುತ್ತದೆ. ಅದರ ತವರು ಚಿಕ್ಕಮಗಳೂರಿನ ಬೆಟ್ಟ. ಇನ್ನೂ ಕೆಳಗೆ ತಿರುಮಕೂಡಲಿನಲ್ಲಿ ವಯನಾಡಿನಿಂದ ಬರುವ ಕಪಿಲೆ ಸೇರುತ್ತಾಳೆ. ಎಲ್ಲರೂ ಘಟ್ಟದ ಮಕ್ಕಳೇ.

ಆಮೇಲೆ ಶಿವನಸಮುದ್ರದ ಹತ್ತಿರ ನೀರನ್ನು ತಿರುಗಿಸಿ ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಗೆ ತರುತ್ತಾರೆ. ಟಿ.ಕೆ. ಹಳ್ಳಿ ಅಂದರೆ ಅದೇ. ಅಲ್ಲಿ ಶುದ್ಧ ಮಾಡುತ್ತಾರೆ. ಅಷ್ಟು ಹೊತ್ತಿಗೆ ನದಿ ಬಹಳ ಕೆಳಗೆ ಇಳಿದಿರುತ್ತದೆ. ನಾವು 900 ಮೀಟರ್ ಮೇಲೆ ಕೂತಿದ್ದೇವೆ, ನೆನಪಿದೆಯಲ್ಲ? ನೀರು ತಾನಾಗಿ ಹತ್ತುವುದಿಲ್ಲ. ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪು ಹಾಕಿ ದೂಡುತ್ತಾರೆ. ಸುಮಾರು 100 ಕಿಲೋಮೀಟರ್ ಕೊಳವೆ. ಸುಮಾರು 500 ಮೀಟರ್ ಎತ್ತುವಷ್ಟು ಬಲ ಬೇಕು. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟಿಗೇ ಹೋಗುತ್ತದೆ.

ಮೊದಲ ಸಲ ಕಾವೇರಿ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಅದಕ್ಕೂ ಮುಂಚೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಯ ನೀರು. ಮನೆಯ ಬಾವಿ ನೀರು. ಐದನೇ ಹಂತದ ಕಾವೇರಿ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಎಲ್ಲಾ ಹಂತ ಸೇರಿದರೆ ದಿನಕ್ಕೆ 222 ಕೋಟಿ ಲೀಟರಿಗೂ ಹೆಚ್ಚು ತರಬಹುದು.

ನಾವು ಬಳಸಿ ಚೆಲ್ಲಿದ ನೀರು ಎಲ್ಲಿ ಹೋಗುತ್ತೆ? ನಮ್ಮ ದೊಡ್ಡ ಬಸವಣ್ಣನ ಗುಡಿಯ ಕಡೆಯಿಂದ ಹೊರಡುವ ವೃಷಭಾವತಿ ಒಂದು ಕಾಲಕ್ಕೆ ತಿಳಿನೀರಿನ ಹೊಳೆ. ಈಗ ಊರಿನ ಕೊಳಚೆ ಹೊತ್ತು ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ತವರಿನಿಂದ ಬಂದ ನೀರನ್ನು ನಾವು ಹೀಗೆ ವಾಪಸು ಕಳಿಸುತ್ತೇವೆ.

ಪೇಪರಿನಲ್ಲಿ ಓದೋಣ

ಮಳೆಗಾಲದಲ್ಲಿ ಕನ್ನಡ ಪೇಪರುಗಳಲ್ಲಿ ಅಣೆಕಟ್ಟಿನ ನೀರಿನ ಮಟ್ಟ ಅಚ್ಚಾಗುತ್ತದೆ. ಸಣ್ಣ ಚೌಕದಲ್ಲಿ ಇರುತ್ತದೆ. ಕೆ.ಆರ್.ಎಸ್. ಎಂದು ಇರುವ ಸಾಲು ಹುಡುಕಿ.

ಗರಿಷ್ಠ ಮಟ್ಟ ಅಂದರೆ ಕಟ್ಟೆ ತುಂಬಿದಾಗಿನ ಅಳತೆ. ಅದು 124.80 ಅಡಿ. ಇದು ಬದಲಾಗುವುದಿಲ್ಲ. ಇಂದಿನ ಮಟ್ಟ ಅಂದರೆ ಇವತ್ತು ಎಷ್ಟಿದೆ ಎಂಬುದು. ಒಳಹರಿವು ಅಂದರೆ ಬೆಟ್ಟದ ಕಡೆಯಿಂದ ಬರುತ್ತಿರುವ ನೀರು. ಹೊರಹರಿವು ಅಂದರೆ ಕಟ್ಟೆಯಿಂದ ಬಿಡುತ್ತಿರುವ ನೀರು. ಟಿ.ಎಂ.ಸಿ. ಎಂದು ಕಂಡರೆ ಹೆದರಬೇಡಿ. ನೂರು ಕೋಟಿ ಘನ ಅಡಿ ನೀರಿಗೆ ಒಂದು ಟಿ.ಎಂ.ಸಿ. ಲೀಟರಿನಲ್ಲಿ ಸುಮಾರು 2,800 ಕೋಟಿ. ಐದೂ ಹಂತದ ಪಂಪು ಪೂರ್ತಿ ಓಡಿದರೆ ಇದು ಬೆಂಗಳೂರಿಗೆ ಹನ್ನೆರಡು ಹದಿಮೂರು ದಿನದ ನೀರು. ತುಂಬಿದ ಕಟ್ಟೆಯಲ್ಲಿ ಸುಮಾರು 49 ಟಿ.ಎಂ.ಸಿ. ಇರುತ್ತದೆ. ಆದರೆ ಮಂಡ್ಯದ ಗದ್ದೆಗೂ ಅದರಿಂದಲೇ, ಮೈಸೂರಿಗೂ ಅದರಿಂದಲೇ, ತಮಿಳುನಾಡಿನ ಪಾಲೂ ಅದರಿಂದಲೇ ಹೋಗಬೇಕು.

ಒಂದು ವಾರ ಈ ಸಾಲನ್ನು ದಿನವೂ ಓದಿ. ಇಂದಿನ ಮಟ್ಟ, ಒಳಹರಿವು ಎರಡನ್ನೂ ತಾರೀಖು ಹಾಕಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಪಕ್ಕದಲ್ಲೇ ಮಡಿಕೇರಿಯಲ್ಲಿ ಎಷ್ಟು ಮಳೆ ಎಂಬ ಸುದ್ದಿ ಇದ್ದರೆ ಅದನ್ನೂ ಬರೆಯಿರಿ. ಬೆಟ್ಟದಲ್ಲಿ ಮಳೆ ಬಿದ್ದ ಎಷ್ಟು ದಿನಕ್ಕೆ ಒಳಹರಿವು ಏರುತ್ತದೆ, ನೋಡಿ ಹೇಳಿ.